ವಿದ್ಯುತ್ತಿನಿಂದ ಸ್ವರ ನುಡಿಸಿದ ರಾಬರ್ಟ್ ಮೋಗ್

ಮಕ್ಕಳೇ, ರೇಡಿಯೊದ ಧ್ವನಿ ಹೆಚ್ಚಿಸಲು ನೀವು ಏನು ಮಾಡುತ್ತೀರಿ? ಅದರ ಗುಂಡಿಯನ್ನು ಬೆರಳಿನಿಂದ ತಿರುಗಿಸುತ್ತೀರಿ. ಅದೇ ಗುಂಡಿಯನ್ನು ಒಂದು ಸೆಕೆಂಡಿನಲ್ಲಿ ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ ಎಂದರೆ? ಯಾರ ಕೈಗೂ ಆಗದ ಮಾತು! ಬೆರಳಿನ ಈ ಕೆಲಸವನ್ನು ವಿದ್ಯುತ್ತಿಗೇ ವಹಿಸಿ, ಹೊಸ ವಾದ್ಯವೊಂದನ್ನು ರೂಪಿಸಿದವರು ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್. ಅವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಂಡವರು ಮೂಗ್ ಎಂದು ಓದುವುದುಂಟು. ಆದರೆ ಅದಕ್ಕೂ ನಮ್ಮ ಮೂಗಿಗೂ ಸಂಬಂಧವಿಲ್ಲ. ಸರಿಯಾದ ಉಚ್ಚಾರಣೆ ಮೋಗ್.

ನೆಲಮಾಳಿಗೆಯ ಕಾರ್ಯಾಗಾರ

ಮೋಗ್ 1934ರ ಮೇ 23ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಿದ್ಯುತ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ತಾಯಿ ಮಗನಿಗೆ ಪಿಯಾನೊ ಕಲಿಸಿದರು. ಬಾಲಕನ ಮನಸ್ಸು ಮಾತ್ರ ಮನೆಯ ನೆಲಮಾಳಿಗೆಯಲ್ಲಿದ್ದ ತಂದೆಯ ಕಾರ್ಯಾಗಾರದ ಕಡೆಗೇ ಓಡುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ, ಹವ್ಯಾಸಿಗಳ ಪತ್ರಿಕೆಯಲ್ಲಿ ಬಂದ ನಕ್ಷೆಯನ್ನು ನೋಡಿ ಅವರು ಥೆರೆಮಿನ್ ಎಂಬ ವಾದ್ಯವನ್ನು ತಯಾರಿಸಿದರು. ಇದು ರಷ್ಯಾದ ಲಿಯೊನ್ ಥೆರೆಮಿನ್ ಕಂಡುಹಿಡಿದ ವಾದ್ಯ. ಇದನ್ನು ಮುಟ್ಟಬೇಕಾಗಿಲ್ಲ. ಎರಡು ಆಂಟೆನಾಗಳ ಬಳಿ ಗಾಳಿಯಲ್ಲಿ ಕೈಯಾಡಿಸಿದರೆ ಸಾಕು, ಸ್ವರ ಹೊಮ್ಮುತ್ತದೆ.

1954ರಲ್ಲಿ ತಂದೆ ಮಗ ಸೇರಿ ಥೆರೆಮಿನ್ ಮಾರುವ ಸಣ್ಣ ಕಂಪನಿ ಆರಂಭಿಸಿದರು. 1961ರಲ್ಲಿ ಮೋಗ್ ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್‌ನ ನಕ್ಷೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರ ಬಿಡಿಭಾಗಗಳನ್ನು ಒಂದೇ ಪೊಟ್ಟಣದಲ್ಲಿ ಮಾರಿದರು. ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿತ್ತು. ಇಂತಹ ಸುಮಾರು 1000 ಪೊಟ್ಟಣಗಳು ಮಾರಾಟವಾದವು. ಹೀಗೆ ದುಡಿಯುತ್ತಲೇ ಓದಿದ ಮೋಗ್, 1965ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿ ಪಡೆದರು.

ಬೆರಳಿನ ಬದಲು ವೋಲ್ಟೇಜ್

ಆ ಕಾಲದಲ್ಲಿ ವಿದ್ಯುನ್ಮಾನ ಸಂಗೀತ ರಚಿಸುವುದು ತುಂಬಾ ತಾಳ್ಮೆಯ ಕೆಲಸ. ಒಂದೊಂದು ಸದ್ದನ್ನೂ ಟೇಪಿನಲ್ಲಿ ಮುದ್ರಿಸಿ, ಕತ್ತರಿಸಿ, ಅಂಟಿಸಬೇಕಿತ್ತು. 1963ರ ನವೆಂಬರ್‌ನಲ್ಲಿ ಮೋಗ್ ಅವರಿಗೆ ಹರ್ಬರ್ಟ್ ಡಾಯ್ಚ್ ಎಂಬ ಸಂಗೀತ ಶಿಕ್ಷಕರ ಪರಿಚಯವಾಯಿತು. ಮರುವರ್ಷದ ಬೇಸಿಗೆಯಲ್ಲಿ ಡಾಯ್ಚ್, ಟ್ರುಮನ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿದ್ದ ಮೋಗ್ ಅವರ ಕಾರ್ಯಾಗಾರಕ್ಕೆ ಬಂದರು. ಒಬ್ಬರಿಗೆ ಸಂಗೀತ ಗೊತ್ತು, ಇನ್ನೊಬ್ಬರಿಗೆ ವಿದ್ಯುನ್ಮಂಡಲ ಗೊತ್ತು. ಇಬ್ಬರೂ ಸೇರಿ ಕೆಲಸ ಆರಂಭಿಸಿದರು.

ಮೋಗ್ ಸದ್ದಿನ ಕೆಲಸಗಳನ್ನು ಬೇರೆ ಬೇರೆ ಪೆಟ್ಟಿಗೆಗಳಿಗೆ ಹಂಚಿದರು. ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ. ಇನ್ನೊಂದು ಅದನ್ನು ಜೋರು ಅಥವಾ ಮೆಲ್ಲಗೆ ಮಾಡುತ್ತದೆ. ಮುಂದೆ ಸೇರಿದ ಮತ್ತೊಂದು, ಜರಡಿಯಂತೆ ಸದ್ದನ್ನು ಸೋಸುತ್ತದೆ. ಪ್ರತಿ ಪೆಟ್ಟಿಗೆಯೂ ಗುಂಡಿಯ ತಿರುವಿಗಷ್ಟೇ ಅಲ್ಲ, ತಂತಿಯಲ್ಲಿ ಬರುವ ವೋಲ್ಟೇಜಿಗೂ ಮಣಿಯುವಂತೆ ಮಾಡಿದ್ದೇ ಇದರ ಗುಟ್ಟು. ಈಗ ಒಂದು ಪೆಟ್ಟಿಗೆ ಇನ್ನೊಂದಕ್ಕೆ ಆಜ್ಞೆ ಕೊಡಬಹುದು! ತಂತಿಗಳನ್ನು ಬದಲಿಸಿ ಚುಚ್ಚಿದರೆ ಹೊಸದೇ ಸದ್ದು. ಇದೇ ಮಾಡ್ಯುಲರ್ ಸಿಂಥಸೈಜರ್.

ಇದರಲ್ಲಿ ಒಂದು ಸುಂದರ ಲೆಕ್ಕವಿದೆ. ವೋಲ್ಟೇಜ್ 1 ವೋಲ್ಟ್ ಹೆಚ್ಚಿದರೆ ಕಂಪನಗಳ ಸಂಖ್ಯೆ ಎರಡರಷ್ಟಾಗುತ್ತದೆ. ಸೆಕೆಂಡಿಗೆ 110 ಕಂಪನಗಳಿದ್ದ ಸ್ವರ 220 ಆಗುತ್ತದೆ, ಇನ್ನೊಂದು ವೋಲ್ಟ್ ಸೇರಿದರೆ 440. ಅಂದರೆ ಪ್ರತಿ ವೋಲ್ಟಿಗೂ ಒಂದು ಸ್ಥಾಯಿ ಮೇಲಕ್ಕೆ: ಮಂದ್ರದ ಸ ಮಧ್ಯದ ಸ ಆದಂತೆ.

ಸ್ವರ ಯಾವಾಗ ಆರಂಭವಾಗಿ ಹೇಗೆ ನಿಲ್ಲಬೇಕು ಎಂದು ತಿಳಿಸಲೂ ಒಂದು ಸಾಧನ ಬೇಕಾಯಿತು. ಅದಕ್ಕಾಗಿ ಡಾಯ್ಚ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಕಾಲಿಂಗ್ ಬೆಲ್‌ನ ಸ್ವಿಚ್ ತಂದರು! 1964ರ ಅಕ್ಟೋಬರ್‌ನಲ್ಲಿ ಮೋಗ್ ತಮ್ಮ ಸಾಧನಗಳನ್ನು ಧ್ವನಿ ಎಂಜಿನಿಯರುಗಳ ಸಮ್ಮೇಳನದಲ್ಲಿ ಪ್ರದರ್ಶಿಸಿದರು. ಸುಮಾರು ಅದೇ ಸಮಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಎಂಬುವವರು ಇಂಥದ್ದೇ ವಾದ್ಯವನ್ನು ತಾವಾಗಿಯೇ ರೂಪಿಸುತ್ತಿದ್ದರು.

1968ರಲ್ಲಿ ವೆಂಡಿ ಕಾರ್ಲೋಸ್ ಮೋಗ್ ವಾದ್ಯದಲ್ಲಿ ಜರ್ಮನಿಯ ಬಾಕ್ ಅವರ ಸಂಗೀತ ನುಡಿಸಿದರು. ವಾದ್ಯ ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿದ್ದುದರಿಂದ, ಸ್ವರಗಳನ್ನು ಒಂದರ ಮೇಲೊಂದರಂತೆ ಮುದ್ರಿಸಬೇಕಾಯಿತು. ಆ ಧ್ವನಿಮುದ್ರಿಕೆ ಬಹಳ ಜನಪ್ರಿಯವಾಯಿತು. ಭಾರತಕ್ಕೂ ಮೋಗ್ ವಾದ್ಯ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಸ್ಥಾಪಿಸಿದರು.

ಕಳೆದುಹೋದ ಹೆಸರು

ಖ್ಯಾತಿ ಬಂದರೂ ಹಣ ಉಳಿಯಲಿಲ್ಲ. ಸಾಲ ಹೆಚ್ಚಿ, 1971ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. 1977ರಲ್ಲಿ ಮೋಗ್ ಅಲ್ಲಿಂದ ಹೊರಬಂದರು. ಅವರ ಹೆಸರು ಮಾತ್ರ ಕಂಪನಿಯಲ್ಲೇ ಉಳಿಯಿತು. ತಾವು ಮಾಡಿದ ವಾದ್ಯವನ್ನು ತಮ್ಮದೇ ಹೆಸರಿನಲ್ಲಿ ಮಾರಲು ಅವರಿಗೆ ಆಗುತ್ತಿರಲಿಲ್ಲ! ಆದರೂ ಅವರು ಎದೆಗುಂದಲಿಲ್ಲ. ನಾರ್ತ್ ಕ್ಯಾರೊಲಿನಾ ರಾಜ್ಯಕ್ಕೆ ಹೋಗಿ, ಬಿಗ್ ಬ್ರಯರ್ ಎಂಬ ಹೊಸ ಹೆಸರಿನಲ್ಲಿ ಮತ್ತೆ ಕೆಲಸ ಆರಂಭಿಸಿದರು. ಬಾಲ್ಯದ ಗೆಳೆಯನಂತಿದ್ದ ಥೆರೆಮಿನ್ ಅನ್ನು ಪುನಃ ತಯಾರಿಸಿದರು.

1998ರಿಂದ ಅವರು ಗಿಟಾರ್ ಮೊದಲಾದ ವಾದ್ಯಗಳ ಸದ್ದನ್ನು ಮಾರ್ಪಡಿಸುವ ಪುಟ್ಟ ಪೆಟ್ಟಿಗೆಗಳನ್ನು ಹೊರತಂದರು. ಅವುಗಳಿಗೂ ವೋಲ್ಟೇಜ್ ಸ್ವೀಕರಿಸುವ ಜಾಕ್‌ಗಳಿದ್ದವು. 2002ರಲ್ಲಿ ಅಮೆರಿಕದಲ್ಲಿ ಮೋಗ್ ಎಂಬ ಹೆಸರು ಬಳಸುವ ಹಕ್ಕು ಅವರಿಗೆ ಮರಳಿ ದೊರೆಯಿತು. 2005ರ ಆಗಸ್ಟ್ 21ರಂದು, 71ನೆಯ ವಯಸ್ಸಿನಲ್ಲಿ, ಮಿದುಳಿನ ಗೆಡ್ಡೆಯ ಕಾಯಿಲೆಯಿಂದ ಅವರು ನಿಧನರಾದರು.

ಮನೆಮನೆಯ ಕಾರ್ಯಾಗಾರಗಳಲ್ಲಿ

ಮೋಗ್ ಅವರ ವಿಚಾರವನ್ನು ಇಂದಿಗೂ ಹವ್ಯಾಸಿಗಳು ಬಳಸುತ್ತಾರೆ. ಗಿಟಾರ್‌ಗೆಂದು ತಾವೇ ಜೋಡಿಸಿದ ವಿದ್ಯುನ್ಮಂಡಲವನ್ನು ಸಿಂಥಸೈಜರ್‌ಗೆ ಹೊಂದಿಸುತ್ತಾರೆ. ಗುಂಡಿಯೊಳಗೆ ಇರುವುದು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಬದಲಿಸುವ ಒಂದು ಭಾಗ. ಅದರ ಜಾಗದಲ್ಲಿ ಎಲ್.ಡಿ.ಆರ್. ಎಂಬ ಬಿಡಿಭಾಗವನ್ನು ಹಾಕುತ್ತಾರೆ. ಬೆಳಕು ಬಿದ್ದಾಗ ಇದರ ತಡೆ ಕಡಿಮೆಯಾಗುತ್ತದೆ. ಕತ್ತಲಾದಾಗ ತಾವಾಗಿಯೇ ಹೊತ್ತಿಕೊಳ್ಳುವ ದೀಪಗಳಲ್ಲಿ ಇದನ್ನು ಬಳಸುವುದುಂಟು. ಎಲ್.ಡಿ.ಆರ್. ಮತ್ತು ಪುಟ್ಟ ಎಲ್.ಇ.ಡಿ. ದೀಪವನ್ನು ಎದುರುಬದುರಾಗಿ ಕಪ್ಪು ಕೊಳವೆಯೊಳಗೆ ಮುಚ್ಚಿಡುತ್ತಾರೆ. ವೋಲ್ಟೇಜ್ ಏರಿದರೆ ದೀಪ ಪ್ರಖರವಾಗುತ್ತದೆ, ತಡೆ ಇಳಿಯುತ್ತದೆ, ಸದ್ದು ಬದಲಾಗುತ್ತದೆ. ಯಾರೂ ಮುಟ್ಟದೆಯೇ ಗುಂಡಿ ತಿರುಗಿದಂತಾಯಿತು!

ಇನ್ನೊಂದು ಎಚ್ಚರಿಕೆಯೂ ಬೇಕು. ಗಿಟಾರ್‌ನಿಂದ ಬರುವ ವೋಲ್ಟೇಜ್ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ. ಸಿಂಥಸೈಜರ್‌ನಿಂದ ಬರುವುದು ಹಲವು ವೋಲ್ಟ್. ಕಾಲುವೆಯ ನೀರನ್ನು ಚೊಂಬಿಗೆ ನೇರವಾಗಿ ಹರಿಸಲಾದೀತೇ? ಆದ್ದರಿಂದ ಒಳಗೆ ಬರುವಾಗ ವೋಲ್ಟೇಜನ್ನು ತಗ್ಗಿಸಿ, ಹೊರಗೆ ಹೋಗುವಾಗ ಮತ್ತೆ ಹೆಚ್ಚಿಸುತ್ತಾರೆ.

ಪತ್ರಿಕೆಯ ನಕ್ಷೆಯೊಂದನ್ನು ನೋಡಿ ವಾದ್ಯ ಜೋಡಿಸಿದ ಬಾಲಕ, ಮುಂದೆ ಸಾವಿರಾರು ಜನರಿಗೆ ತಾವೇ ಜೋಡಿಸುವ ಧೈರ್ಯ ಕೊಟ್ಟರು.

ಲೆಕ್ಕ ಮಾಡಿ: 0 ವೋಲ್ಟಿಗೆ ಸೆಕೆಂಡಿಗೆ 110 ಕಂಪನಗಳಾದರೆ, 4 ವೋಲ್ಟಿಗೆ ಎಷ್ಟು? (ಉತ್ತರ: 1760)