ನೋವಿನ ದಾರಿಯನ್ನು ತಡೆದವನು

ಅತಿಯಾದ ಬೊಜ್ಜಿನಿಂದ ಬಳಲುವವರ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಇಂದು ಉಂಟು. ಆದರೆ ಅದು ಮುಗಿದ ಮೇಲಿನ ನೋವನ್ನು ಅಡಗಿಸುವುದು ಸುಲಭವಲ್ಲ. ಮಾರ್ಫೀನಿನಿಂದ ಉಸಿರಾಟ ಮಂದವಾಗುತ್ತದೆ. ಸ್ಥೂಲಕಾಯರಿಗೆ ಇದು ಇನ್ನಷ್ಟು ಅಪಾಯಕರ. ಆದ್ದರಿಂದ ವೈದ್ಯರು ಹೊಟ್ಟೆಯ ಸ್ನಾಯುಪದರಗಳ ನಡುವೆ ಹಾಯುವ ನರಗಳ ಬಳಿಗೆ ಮದ್ದನ್ನು ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸುವುದುಂಟು. ವಿಜಯಪುರ ನಗರದ ಆಚೆ ತಿಕೋಟಾ, ಬಬಲೇಶ್ವರಗಳ ಕಡೆಯ ದ್ರಾಕ್ಷಿ ತೋಟದಲ್ಲಿ ಮುಖ್ಯ ಕೊಳವೆಯನ್ನು ಮುಚ್ಚಿದರೆ ಯಾವ ಬಳ್ಳಿಗೂ ನೀರು ತಲಪದಷ್ಟೆ. ನರವನ್ನು ತಡೆದಾಗ ನೋವಿನ ಸುದ್ದಿಯೂ ಹಾಗೆಯೇ ಮಿದುಳನ್ನು ಮುಟ್ಟದು. ಈ ದಾರಿಯನ್ನು ಮೊದಲು ತೋರಿದವರಲ್ಲಿ ವಿಲಿಯಂ ಹಾಲ್‌ಸ್ಟೆಡ್ ಪ್ರಮುಖನು.

ಹಾಲ್‌ಸ್ಟೆಡ್‌ನು 1852ರಲ್ಲಿ ನ್ಯೂಯಾರ್ಕಿನ ಸಿರಿವಂತ ಮನೆತನದಲ್ಲಿ ಜನಿಸಿದನು. ಯೇಲ್ ಕಾಲೇಜಿನಲ್ಲಿ ಅವನಿಗೆ ಓದಿಗಿಂತ ಆಟದಲ್ಲೇ ಹೆಚ್ಚು ಆಸಕ್ತಿ. ವೈದ್ಯಶಾಸ್ತ್ರಕ್ಕೆ ಕಾಲಿಟ್ಟ ಮೇಲೆ ಬೇರೆಯೇ ಮನುಷ್ಯನಾದನು. 1877ರಲ್ಲಿ ಪದವಿ ಪಡೆದು, ವಿಯೆನ್ನಾ ಮೊದಲಾದ ನಗರಗಳಲ್ಲಿ ವ್ಯಾಸಂಗ ಮಾಡಿ 1880ರಲ್ಲಿ ಹಿಂದಿರುಗಿದನು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಎಂಬ ತರುಣ ವೈದ್ಯನು ಕೊಕೇನಿನ ಹನಿಗಳಿಂದ ಕಣ್ಣು ಮರಗಟ್ಟುವುದೆಂದು ಕಂಡುಕೊಂಡನು. ಸುದ್ದಿ ತಿಳಿದ ಹಾಲ್‌ಸ್ಟೆಡ್‌ನು ಇನ್ನೂ ಮುಂದೆ ಯೋಚಿಸಿದನು. ಕೊಯ್ಯುವ ಜಾಗಕ್ಕೆ ಮದ್ದು ಹಾಕುವ ಬದಲು, ಅಲ್ಲಿಂದ ಹೊರಡುವ ನರವನ್ನೇ ಮರಗಟ್ಟಿಸಿದರೇನು? ಅವನೂ ಅವನ ಸಂಗಡಿಗರೂ ತಮ್ಮ ಮೈಗೇ ಸೂಜಿ ಚುಚ್ಚಿಕೊಂಡು ಪರೀಕ್ಷಿಸಿದರು. ದವಡೆಯ ನರವನ್ನು ತಡೆದಾಗ ಹಲ್ಲುಗಳು ನೋವರಿಯದಾದವು. ಕತ್ತಿನ ಬಳಿ ತೋಳಿನ ನರಗಳ ಗೊಂಚಲನ್ನೂ ಅವನು ಕೊಕೇನಿನಿಂದ ಮರಗಟ್ಟಿಸಿದನು.

ಕೊಕೇನ್ ಎಂಥ ಮಾರಿಯೆಂಬುದು ಆಗ ಚೆನ್ನಾಗಿ ತಿಳಿದಿರಲಿಲ್ಲ. ಪ್ರಯೋಗಕ್ಕೆ ಮೈಯೊಡ್ಡಿದ ಹಲವರು ಅದರ ದಾಸರಾದರು. 1885ರಲ್ಲಿ ಹಾಲ್‌ಸ್ಟೆಡ್‌ನು ಪ್ರಕಟಿಸಿದ ಲೇಖನದ ವಾಕ್ಯಗಳೇ ಗೋಜಲಾಗಿದ್ದುವು. ಅಷ್ಟರಮಟ್ಟಿಗೆ ಅವನ ಬುದ್ಧಿ ಕದಡಿತ್ತು. ಮರುವರ್ಷ ಅವನು ಆಸ್ಪತ್ರೆ ಸೇರಿದನು. ಕೊಕೇನಿನ ಹಿಡಿತ ಸಡಿಲಿಸಿದ ಮಾರ್ಫೀನ್ ತಾನೇ ಅವನನ್ನು ಹಿಡಿದುಕೊಂಡಿತು. ನರಗಳನ್ನು ಮರಗಟ್ಟಿಸಲು ಇಂದು ಕೊಕೇನನ್ನು ಬಳಸುವುದಿಲ್ಲ. ಚಟ ಹಿಡಿಸದ ಬುಪಿವಕೇನ್ ಮುಂತಾದ ಮದ್ದುಗಳಿವೆ. ಆದರೆ ಅವು ಬರುವ ಮುನ್ನವೇ ಅವನು ಬೆಲೆ ತೆತ್ತಿದ್ದನು.

ಇಷ್ಟಾದರೂ ಅವನು ಕೈಚೆಲ್ಲಿ ಕೂರಲಿಲ್ಲ. ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದನು. ಕ್ರಿಮಿನಾಶಕದಿಂದ ಕೈ ಒಡೆದುಹೋಗುತ್ತಿದ್ದ ದಾದಿಯೊಬ್ಬಳಿಗಾಗಿ ತೆಳುವಾದ ರಬ್ಬರ್ ಕೈಗವಸುಗಳನ್ನು ಮಾಡಿಸಿದನು. 1890ರಲ್ಲಿ ಅವಳನ್ನೇ ಮದುವೆಯಾದನು! ಮುಂದೆ ಶಸ್ತ್ರವೈದ್ಯರೆಲ್ಲರೂ ಅಂಥ ಕೈಗವಸುಗಳನ್ನು ತೊಡುವಂತಾಯಿತು. ಕಿರಿಯ ವೈದ್ಯರನ್ನು ವರ್ಷಗಟ್ಟಲೆ ಆಸ್ಪತ್ರೆಯಲ್ಲಿಯೇ ಇರಿಸಿ ತರಬೇತು ಮಾಡುವ ಪದ್ಧತಿಯನ್ನೂ ಅವನು ಬೆಳೆಸಿದನು.

ಮಾರ್ಫೀನಿನಿಂದ ಅವನು ಬಿಡುಗಡೆ ಪಡೆಯಲಾರದೆ ಹೋದುದು ಹತ್ತಿರದ ಕೆಲವರಿಗಷ್ಟೇ ತಿಳಿದಿತ್ತು. 1922ರಲ್ಲಿ ಅಮೆರಿಕದ ದಂತವೈದ್ಯರು ಅವನ ಹಳೆಯ ಸಂಶೋಧನೆಯನ್ನು ಮನ್ನಿಸಿ ಪದಕವಿತ್ತರು. ಅದೇ ವರ್ಷದ ಸೆಪ್ಟೆಂಬರ್ 7ರಂದು, ಪಿತ್ತನಾಳದ ಬೇನೆಗೆ ನಡೆದ ಶಸ್ತ್ರಚಿಕಿತ್ಸೆಯ ತರುವಾಯ, ಹಾಲ್‌ಸ್ಟೆಡ್‌ನು ಬಾಲ್ಟಿಮೋರಿನಲ್ಲಿ ತೀರಿಕೊಂಡನು.