ಹಿಮಕ್ಕೂ ಬಿಸಿಲಿಗೂ ಹೊಂದಿಕೊಂಡ ಇಬ್ನ್ ಬತೂತಾ

ಇತಿಹಾಸದ ಪರೀಕ್ಷೆಯಲ್ಲಿ ಇಬ್ನ್ ಬತೂತಾ ಎಂದರೆ ಒಂದು ಅಂಕದ ಉತ್ತರ: ಮುಹಮ್ಮದ್ ಬಿನ್ ತುಘಲಕ್ ಕಾಲದಲ್ಲಿ ಭಾರತಕ್ಕೆ ಬಂದ ಮೊರಾಕೊ ದೇಶದ ಪ್ರವಾಸಿ. ಅವರ ಜೀವನವನ್ನು ಪೂರ್ತಿ ಓದಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ವಿಷಯ. ವಿಮಾನ, ಫ್ಯಾನು ಏನೂ ಇಲ್ಲದ ಕಾಲದಲ್ಲಿ ಅವರು ಹಿಮದ ನಾಡಿಗೂ ಹೋದರು, ಮರುಭೂಮಿಯನ್ನೂ ದಾಟಿದರು, ಬದುಕಿ ಮನೆಗೆ ಮರಳಿದರು. ಅದು ಹೇಗೆ?

ಇಬ್ನ್ ಬತೂತಾ 1304ರಲ್ಲಿ ಮೊರಾಕೊದ ತಾಂಜೀರ್ ಎಂಬ ಸಮುದ್ರ ತೀರದ ಊರಿನಲ್ಲಿ ಹುಟ್ಟಿದರು. ಮನೆತನದಲ್ಲಿ ಖಾಜಿಗಳಿದ್ದರು. ಅವರೂ ಶರೀಅತ್ ಕಾನೂನು ಓದಿದರು. 1325ರ ಜೂನ್ ತಿಂಗಳಲ್ಲಿ, 21ನೇ ವಯಸ್ಸಿನಲ್ಲಿ, ಹಜ್‌ಗೆಂದು ಒಬ್ಬರೇ ಹೊರಟರು. ದಾರಿಯಲ್ಲೇ ಜ್ವರ ಬಂತು. ಜೊತೆಯವರು ಉಳಿದುಕೊಳ್ಳಲು ಹೇಳಿದರೂ ಕೇಳದೆ, ಬೀಳಬಾರದೆಂದು ಪೇಟದ ಬಟ್ಟೆಯಿಂದ ತಮ್ಮನ್ನು ಜೀನಿಗೆ ಕಟ್ಟಿಕೊಂಡು ಮುಂದೆ ಹೋದರು. ಆಗ ಅವರಿಗಿದ್ದದ್ದು ಹಠ ಮಾತ್ರ. ಉಪಾಯಗಳನ್ನು ಕಲಿತದ್ದು ನಂತರ.

ಮಕ್ಕಾದಿಂದ ಮುಂದೆ ಅನೇಕ ದೇಶಗಳನ್ನು ಸುತ್ತಿ, ಕಪ್ಪು ಸಮುದ್ರ ದಾಟಿ, ಈಗಿನ ರಷ್ಯಾದ ವೋಲ್ಗಾ ನದಿಯ ಕಡೆಗೆ ಹೋದರು. ಅಲ್ಲಿ ಕಡು ಚಳಿಗಾಲ. ಆ ಊರಿನವರಂತೆ ಅವರೂ ತುಪ್ಪಳದ ಮೂರು ಕೋಟು, ಎರಡು ಪೈಜಾಮ, ಕಾಲಿಗೆ ಒಂದರ ಮೇಲೊಂದು ಮೂರು ಜೊತೆ ಬೂಟು ಹಾಕಿಕೊಂಡರು. ಆ ಭಾರಕ್ಕೆ ಕುದುರೆ ಹತ್ತಲಾಗದೆ ಜೊತೆಯವರೇ ಎತ್ತಿ ಕೂರಿಸಬೇಕಾಯಿತು. ಬೆಂಕಿಯ ಪಕ್ಕದಲ್ಲಿ ಬಿಸಿನೀರಿನಿಂದ ವುಜೂ ಮಾಡಿದರೂ ಗಡ್ಡದ ಮೇಲೆ ನೀರು ಹೆಪ್ಪುಗಟ್ಟುತ್ತಿತ್ತು. ಹೆಪ್ಪುಗಟ್ಟಿದ ನದಿಯ ಮೇಲೆಯೇ ಮೂರು ದಿನ ಪ್ರಯಾಣ ಮಾಡಿದರು.

ಭಾರತಕ್ಕೆ ಬರುವಾಗ ಹಿಂದೂಕುಷ್ ಪರ್ವತ ಅಡ್ಡ ಬಂತು. ಈ ಸಲ ಅವರು ಅವಸರ ಮಾಡಲಿಲ್ಲ. ಹಿಮಕ್ಕೆ ಹೆದರಿ, ಪ್ರಾಣಿಗಳಿಗೆ ಮೇವೂ ಬೇಕೆಂದು, ಕುಂದೂಜ್‌ನಲ್ಲಿ ಸುಮಾರು 40 ದಿನ ಕಾದರು. ಪರ್ವತ ಹತ್ತುವಾಗ ಒಂಟೆಗಳ ಕಾಲು ಹಿಮದಲ್ಲಿ ಹೂಳದಂತೆ ಮುಂದೆ ಕಂಬಳಿ ಹಾಸುತ್ತಾ ನಡೆದರು. ಭಾರತದಿಂದ ಕೊಂಡೊಯ್ದ ಗುಲಾಮರು ಇದೇ ಪರ್ವತದ ಚಳಿಗೆ ಸಾಯುತ್ತಿದ್ದರೆಂದೂ ಅವರು ದಾಖಲಿಸಿದ್ದಾರೆ. ಇದನ್ನು ಓದಿ ನನಗೆ ಬೇಸರವಾಯಿತು. ಇಬ್ನ್ ಬತೂತಾ ಅವರಿಗೆ ಕಾಯುವ ಅವಕಾಶವಿತ್ತು. ಆ ಗುಲಾಮರಿಗೆ ಇರಲಿಲ್ಲ.

1333ರ ಸೆಪ್ಟೆಂಬರ್‌ನಲ್ಲಿ ಸಿಂಧೂ ನದಿ ತಲುಪಿದರು. ಸಿಂಧ್ ಪ್ರಾಂತ್ಯದ ಸೆಹ್ವಾನ್‌ನಲ್ಲಿ ಬಿಸಿಲು ಎಷ್ಟಿತ್ತೆಂದರೆ ಜೊತೆಯವರು ಸೊಂಟಕ್ಕೊಂದು ಬಟ್ಟೆ ಸುತ್ತಿ, ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಅದು ಒಣಗಿದಂತೆಲ್ಲ ಮತ್ತೆ ನೆನೆಸುತ್ತಾ ಕೂರುತ್ತಿದ್ದರು. ನಮ್ಮ ಅಕ್ಕೂರಿನ ಕಡೆ ಬೇಸಿಗೆಯಲ್ಲಿ ರೇಷ್ಮೆ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವುದೂ ಇದೇ ಲೆಕ್ಕ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಬೆವರು ಮಾಡುವ ಕೆಲಸವೂ ಅದೇ.

ಇದು ಹಳೆಯ ಕಥೆ ಮಾತ್ರವಲ್ಲ. 2024ರ ಹಜ್ ಸಮಯದಲ್ಲಿ ಮಕ್ಕಾದ ಬಿಸಿಲು 51 ಡಿಗ್ರಿ ದಾಟಿತು. 1,300ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಹೋಗಿ, ನೆರಳಿನ ವ್ಯವಸ್ಥೆ ಸಿಗದೆ ಬಿಸಿಲಲ್ಲಿ ದೂರ ದೂರ ನಡೆದವರು. ನಮ್ಮ ದಾದಾ, ದಾದಿ ಹಜ್‌ಗೆ ಹೋಗಲು ತಯಾರಾಗುತ್ತಿರುವುದರಿಂದ ಇದು ನನಗೆ ಬರೀ ಅಂಕಿಯಾಗಿ ಕಾಣುವುದಿಲ್ಲ. ಹೊಸ ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ವಿಮಾನ ನಮ್ಮನ್ನು ಕೆಲವೇ ಗಂಟೆಗಳಲ್ಲಿ ಮುಟ್ಟಿಸುತ್ತದೆ, ಆದರೆ ದೇಹ ಅಷ್ಟು ಬೇಗ ಮುಟ್ಟುವುದಿಲ್ಲ.

ದೆಹಲಿಯಲ್ಲಿ ಸುಲ್ತಾನರು ಇಬ್ನ್ ಬತೂತಾರನ್ನು ವರ್ಷಕ್ಕೆ 12,000 ದಿನಾರ್ ಸಂಬಳದ ಖಾಜಿಯಾಗಿ ನೇಮಿಸಿದರು. ಆದರೂ ಅವರು 55,000 ದಿನಾರ್ ಸಾಲ ಮಾಡಿದ್ದರು! ನಮ್ಮ ಅಕೌಂಟೆನ್ಸಿ ಕ್ಲಾಸಿಗೆ ಒಳ್ಳೆಯ ಉದಾಹರಣೆ. ಮುಂದೆ ಚೀನಾಕ್ಕೆ ರಾಯಭಾರಿಯಾಗಿ ಹೊರಟು ನಮ್ಮ ಹೊನ್ನಾವರಕ್ಕೂ ಬಂದರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದರಸಾಗಳಿದ್ದವು ಎಂದು ಎಣಿಸಿ ಬರೆದಿದ್ದಾರೆ. ಮತ್ತೊಮ್ಮೆ ಬಂದಾಗ 11 ತಿಂಗಳು ರೊಟ್ಟಿಯನ್ನೇ ಮುಟ್ಟದೆ ಅನ್ನ ತಿಂದು ಇದ್ದರು. ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲವೆಂದು ಅಲ್ಲಿನವರು ಊಟದ ನಂತರ ಬಿಸಿನೀರು ಕುಡಿಯುವುದನ್ನೂ ಗಮನಿಸಿದರು.

1349ರಲ್ಲಿ ಮೊರಾಕೊಗೆ ಮರಳುವಷ್ಟರಲ್ಲಿ ತಾಯಿ ಪ್ಲೇಗ್‌ನಿಂದ ತೀರಿಹೋಗಿದ್ದರು. 1352ರಲ್ಲಿ ಸಹಾರಾ ದಾಟಿ ಮಾಲಿ ದೇಶಕ್ಕೆ ಹೋದರು. ಮರುಭೂಮಿಯಲ್ಲಿ ಅವರ ತಂಡ ಅಸರ್ ನಮಾಜಿನ ನಂತರ ಹೊರಟು, ರಾತ್ರಿಯೆಲ್ಲ ನಡೆದು, ಬೆಳಿಗ್ಗೆ ಬಿಡಾರ ಹೂಡುತ್ತಿತ್ತು. ಕೊನೆಗೆ ಸುಲ್ತಾನ್ ಅಬು ಇನಾನ್ ಆಜ್ಞೆಯಂತೆ ತಮ್ಮ ಪ್ರಯಾಣವನ್ನೆಲ್ಲ ಹೇಳಿ ಬರೆಸಿದರು. ಆ ರಿಹ್ಲಾ 1355ರಲ್ಲಿ ಮುಗಿಯಿತು. ನಂತರ ಖಾಜಿಯಾಗಿ ಉಳಿದ ಜೀವನ ಕಳೆದರು.

ಜೀನಿಗೆ ಕಟ್ಟಿಕೊಂಡು ಹೊರಟ ಯುವಕ 40 ದಿನ ಕಾಯುವ ಪ್ರಯಾಣಿಕರಾದರು. ಹೋದ ಊರಿನವರು ಏನು ತೊಡುತ್ತಾರೆ, ಏನು ಕುಡಿಯುತ್ತಾರೆ, ಯಾವ ಹೊತ್ತಿನಲ್ಲಿ ನಡೆಯುತ್ತಾರೆ ಎಂದು ನೋಡಿ ಹಾಗೆಯೇ ಮಾಡಿದರು. ನಮ್ಮಲ್ಲಿ ಕೆಲವರು ನಾಳೆ ಗಲ್ಫ್‌ಗೆ ಕೆಲಸಕ್ಕೆ ಹೋಗಬಹುದು, ಕೆಲವರು ಚಳಿಯಲ್ಲಿ ದೆಹಲಿಗೆ ಓದಲು ಹೋಗಬಹುದು. ಸೂಟ್‌ಕೇಸಿನ ಜೊತೆಗೆ ಮೊದಲ ಒಂದು ವಾರದ ತಾಳ್ಮೆಯನ್ನೂ ತೆಗೆದುಕೊಂಡು ಹೋಗೋಣ.