ಅಕೌಂಟ್ಸ್ ಕಚೇರಿಯಿಂದ ಬೆಣಚುಕಲ್ಲಿನವರೆಗೆ: ಸರ್ ಸಿ.ವಿ. ರಾಮನ್

ಫೆಬ್ರವರಿ 28 ದೇಶಕ್ಕೆಲ್ಲ ವಿಜ್ಞಾನ ದಿನ. ನಮ್ಮ ಕೆಜಿಎಫ್‌ನವರಿಗೆ ಅದು ಗಣಿ ಮುಚ್ಚಿದ ದಿನವೂ ಹೌದು. 2001ರಲ್ಲಿ ಅದೇ ತಾರೀಖಿಗೆ ಚಿನ್ನದ ಗಣಿಯ ಕೆಲಸ ನಿಂತಿತು. ವಿಜ್ಞಾನ ದಿನದ ಭಾಷಣವೆಂದರೆ ಸೈನ್ಸ್ ವಿಭಾಗದವರಿಗೆ ಎಂದುಕೊಂಡು ನಾವು ಕಾಮರ್ಸ್‌ನವರು ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಆದರೆ ಆ ದಿನ ಯಾರ ಸಂಶೋಧನೆಯಿಂದ ಬಂತೋ ಆ ಸಿ.ವಿ. ರಾಮನ್ ಅವರ ಮೊದಲ ನೌಕರಿ ನಮ್ಮ ವಿಷಯದ್ದೇ ಆಗಿತ್ತು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. ಆದರೆ ಆ ಕಾಲದಲ್ಲಿ ವಿಜ್ಞಾನ ನಂಬಿ ಬದುಕಲು ನಮ್ಮವರಿಗೆ ಹೆಚ್ಚು ದಾರಿಗಳಿರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಬರೆದು 1907ರಲ್ಲಿ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆದರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ನನಗೆ ಈ ಭಾಗ ಓದಿದಾಗ ತುಂಬಾ ಹತ್ತಿರದ್ದು ಅನಿಸಿತು. ಹತ್ತನೇ ತರಗತಿಯವರೆಗೆ ನನ್ನ ಇಷ್ಟದ ವಿಷಯ ವಿಜ್ಞಾನವೇ. ಕೋಚಿಂಗ್ ಫೀಸಿನ ಲೆಕ್ಕ ಹಾಕಿ ಮನೆಯಲ್ಲಿ ಕಾಮರ್ಸ್ ಸಾಕು ಎಂದರು. ಬೇಗ ನೌಕರಿ ಸಿಗುತ್ತದೆ ಎಂಬುದು ಅಬ್ಬಾ ಅವರ ಯೋಚನೆ. ಅದು ತಪ್ಪೂ ಅಲ್ಲ.

ರಾಮನ್ ನೌಕರಿಯನ್ನೂ ಬಿಡಲಿಲ್ಲ, ವಿಜ್ಞಾನವನ್ನೂ ಬಿಡಲಿಲ್ಲ. ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಘದ ಪ್ರಯೋಗಾಲಯವಿತ್ತು. ಕಚೇರಿಗೆ ಮೊದಲು ಅಲ್ಲಿ, ಕಚೇರಿ ಮುಗಿದ ಮೇಲೆ ಮತ್ತೆ ಅಲ್ಲಿ. ಹೀಗೆ ಹತ್ತು ವರ್ಷ. 1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. 1928ರಲ್ಲಿ ಬೆಳಕಿನ ಚದುರುವಿಕೆಯ ಕುರಿತು ರಾಮನ್ ಪರಿಣಾಮವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಬಂತು. ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಅದರ ನಂತರದ್ದು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ಆ ಹುದ್ದೆ ಬಿಡಬೇಕಾಯಿತು. ಆದರೂ ಅಲ್ಲೇ ಪ್ರೊಫೆಸರ್ ಆಗಿ ಉಳಿದರು. ಆಗ ಅವರು ಕೈಗೆತ್ತಿಕೊಂಡ ವಸ್ತುಗಳಲ್ಲಿ ಒಂದು ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್.

ಈ ಕಲ್ಲು ನಮಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಇದನ್ನು ಚಕ್‌ಮಕ್ ಎನ್ನುತ್ತಾರೆ. ಕೆಜಿಎಫ್‌ನ ಚಿನ್ನ ಇದ್ದದ್ದೇ ಬೆಣಚುಕಲ್ಲಿನ ಪದರಗಳಲ್ಲಿ. ಕಲ್ಲನ್ನು ಪುಡಿ ಮಾಡಿ, ಚಿನ್ನ ತೆಗೆದು, ಉಳಿದದ್ದನ್ನು ಸುರಿದರು. ಅದೇ ಇಂದಿನ ಸೈನೈಡ್ ದಿಬ್ಬಗಳು. ಗಣಿಯ ಲೆಕ್ಕದಲ್ಲಿ ಕಲ್ಲಿಗೆ ಬೆಲೆ ಇರಲಿಲ್ಲ.

ಆದರೆ ಬೆಣಚುಕಲ್ಲಿನ ಹರಳಿಗೆ ಒಂದು ಗುಣವಿದೆ. ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ, ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡ ಇದಕ್ಕೆ ಪೀಜೋಎಲೆಕ್ಟ್ರಿಕ್ ಗುಣ ಎನ್ನುತ್ತಾರೆ. ಕ್ವಾರ್ಟ್ಜ್ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ ಸಮಯ ಹೇಳುತ್ತದೆ.

ರಾಮನ್ ಮತ್ತು ಅವರ ಶಿಷ್ಯ ಟಿ.ಎಂ.ಕೆ. ನೆಡುಂಗಾಡಿ ಈ ಹರಳನ್ನು ಕಾಯಿಸುತ್ತಾ ಅದರಿಂದ ಚದುರಿದ ಬೆಳಕನ್ನು ನೋಡಿದರು. ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಿನ ಒಳರಚನೆ ಬದಲಾಗುತ್ತದೆ. ಆ ಬಿಸಿ ಹತ್ತಿರವಾದಂತೆ ಪರಮಾಣುಗಳ ಒಂದು ಕಂಪನ ನಿಧಾನವಾಗುತ್ತಾ ಬಂತು. ಆ ಕಂಪನಕ್ಕೂ ರಚನೆಯ ಬದಲಾವಣೆಗೂ ಸಂಬಂಧವಿದೆ ಎಂದು 1940ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸುಮಾರು ಇಪ್ಪತ್ತು ವರ್ಷಗಳ ನಂತರ ಕಾಕ್ರನ್ ಮತ್ತು ಆಂಡರ್ಸನ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಇಂಥದೇ ವಿಚಾರದಿಂದ ಫೆರೋಎಲೆಕ್ಟ್ರಿಕ್ ವಸ್ತುಗಳನ್ನು ವಿವರಿಸಿದರು. ಈ ವಸ್ತುಗಳಲ್ಲಿ ವಿದ್ಯುತ್ತಿನ ಧ್ರುವಗಳು ತಾವಾಗಿಯೇ ಇರುತ್ತವೆ, ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟು ಅವುಗಳ ದಿಕ್ಕು ತಿರುಗಿಸಬಹುದು. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರದಲ್ಲೂ, ಅಮ್ಮಿ ಒಲೆ ಹೊತ್ತಿಸುವ ಲೈಟರ್‌ನಲ್ಲೂ ಇರುವುದು ಈ ಜಾತಿಯ ಸೆರಾಮಿಕ್.

ಇಂದು ಈ ವಸ್ತುಗಳ ಸಂಶೋಧನೆಗೆಂದೇ ಅಂತರರಾಷ್ಟ್ರೀಯ ಪ್ರಶಸ್ತಿಗಳಿವೆ. ರಾಮನ್ ಅವರ ನೊಬೆಲ್ ಮಾತ್ರ ಈ ಕೆಲಸಕ್ಕೆ ಬಂದದ್ದಲ್ಲ, ಹತ್ತು ವರ್ಷ ಮೊದಲೇ ಬಂದಿತ್ತು. ಬಹುಮಾನ ಕೈಯಲ್ಲಿದ್ದವರು, ಕುರ್ಚಿ ಕಳೆದುಕೊಂಡ ಮೇಲೂ ಒಂದು ಕಲ್ಲನ್ನು ಕಾಯಿಸುತ್ತಾ ಕೂತರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಎಂದು ಕಲಿಯುತ್ತೇವಲ್ಲ, ಕಣ್ಣಿಗೆ ಕಾಣದಿದ್ದರೂ ಬೆಲೆ ಇರುವ ಆಸ್ತಿ. ಆ ಕೆಲಸ ಹಾಗೆ.

1948ರಲ್ಲಿ ಅವರು ಬೆಂಗಳೂರಿನಲ್ಲೇ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತ ರತ್ನ ಬಂತು. 1970ರ ನವೆಂಬರ್ 21ರಂದು ತೀರಿಕೊಂಡರು. ಅವರು ಕೂಡಿಟ್ಟ ಹರಳು, ಕಲ್ಲುಗಳ ಸಂಗ್ರಹ ಆ ಸಂಸ್ಥೆಯಲ್ಲಿ ಇಂದಿಗೂ ಇದೆ. ಬಂಗಾರಪೇಟೆಯಿಂದ ರೈಲು ಹತ್ತಿದರೆ ಬೆಂಗಳೂರು ದೂರವೇನಲ್ಲ. ಸೈನ್ಸ್‌ನವರು ಹೋಗುವಾಗ ಕಾಮರ್ಸ್‌ನವರನ್ನೂ ಕರೆಯಿರಿ.